ಪ್ರಳಯದ ಪಿಚ್ಚರಿಗೆ ಬಣ್ಣ ಹಾಕಿದ ಐತಪ್ಪಣ್ಣ

ಐತಪ್ಪಣ್ಣನ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿಯರ ಬಣ್ಣದ್ದಾಗಿತ್ತು. ಉಳಿದ ಐತಪ್ಪಣ್ಣ ಕಡಲ ಕರೆಯ ಗಂಡಸರ ಹಾಗೆಯೇ, ಅವರಿಗಿಂತ ತುಸು ಹೆಚ್ಚೇ, ಕಪ್ಪು. ಸಿನಿಮಾ ಬ್ಯಾನರು ಬರೆಯುವ ಬೇರೆ ಪೇಂಟರುಗಳು ಮೈಬಣ್ಣ ಸರಿಯಾಯಿತೇ ಎಂದು ರಟ್ಟಿನ ಚೂರಿಗೆ ಹಚ್ಚಿ ನೋಡುತ್ತಿದ್ದರು. ಇವರು ಸ್ವಂತ ಕೈಗೆ ಹಚ್ಚಿ ನೋಡುತ್ತಿದ್ದರು. “ಚರ್ಮದ ಬಣ್ಣ ಚರ್ಮದ ಮೇಲೆ ನೋಡದೆ ಮತ್ತೆಂತ, ಗೋಡೆಯ ಮೇಲೆ ನೋಡುವುದಾ?” ಸಂಜೆ ಸೀಮೆಎಣ್ಣೆ ಹಾಕಿ ಎಷ್ಟು ಉಜ್ಜಿದರೂ ಆ ಗುಲಾಬಿ ಪೂರ್ತಿ ಹೋಗುತ್ತಿರಲಿಲ್ಲ. ಮನೆಗೆಂದು ಹೊಳೆಯಾಚೆಯ ಬೆಂಗ್ರೆಗೆ ದಾಟುವ ದೋಣಿಯಲ್ಲಿ ದಿನಕ್ಕೊಬ್ಬರಾದರೂ ಕೇಳುವವರೇ.

“ಐತಪ್ಪಣ್ಣ, ಕೈ ಅಮೆರಿಕಕ್ಕೆ ಹೋಗಿ ಬಂತಾ?”

“ಕೈ ಹೋಗಿ ಬಂತು ಮಾರಾಯ. ಮೈಗೆ ವೀಸಾ ಸಿಗ್ಲಿಲ್ಲ.”

ಎಪ್ಪತ್ತರ ದಶಕದ ನಡುವಿನಿಂದ ಹತ್ತು ಹನ್ನೆರಡು ವರ್ಷ ನಾನು ಮಂಗಳೂರಿನ ಒಂದು ಟಾಕೀಸಿನಲ್ಲಿ ಹೆಂಗಸರ ಕೌಂಟರಿನಲ್ಲಿ ಟಿಕೆಟು ಹರಿಯುತ್ತಿದ್ದೆ. ಕೌಂಟರೆಂದರೆ ಗೋಡೆಯಲ್ಲೊಂದು ಅಂಗೈಯಗಲದ ಕಿಂಡಿ. ಹೊರಗಿನವರಿಗೆ ನನ್ನ ಬೆರಳು ಮಾತ್ರ ಕಾಣುತ್ತಿತ್ತು, ನನಗೆ ರಸ್ತೆಯಾಚೆಯ ಬಟ್ಟೆ ಅಂಗಡಿ ಕಾಣುತ್ತಿತ್ತು. ನನ್ನ ತಲೆಯ ಮೇಲೆ, ಮಾಳಿಗೆಯ ಎತ್ತರದಲ್ಲಿ, ಐತಪ್ಪಣ್ಣನ ಬ್ಯಾನರು. ಟಾಕೀಸಿನ ಹಿಂದೆ ಮುರಿದ ಕುರ್ಚಿಗಳನ್ನು ರಾಶಿ ಹಾಕುವ ಗೋಡೌನಿನಲ್ಲಿ ಅವರ ಕೆಲಸ. ಮಧ್ಯಾಹ್ನ ಶೋ ಶುರುವಾದ ಮೇಲೆ ನಾನು ಎರಡು ಲೋಟ ಚಾ ಹಿಡಿದುಕೊಂಡು ಅಲ್ಲಿಗೆ ಹೋಗುವುದು ವಾಡಿಕೆ. ಮಾತು ತುಳುವಿನಲ್ಲಿ. ಅವರ ಮಾತು ಕೇಳಲಿಕ್ಕೆಂದೇ ನಾನು ಹೋಗುತ್ತಿದ್ದೆ. ನನ್ನಜ್ಜಿಯ ಹತ್ತಿರ ಕಲಿತ ಬಾಯಿ ನನ್ನದು, ಸುಮ್ಮನಿರಲು ಬಾರದು. ಅದರಿಂದಾದ ಅನಾಹುತವನ್ನೂ ಇಲ್ಲಿ ಹೇಳಬೇಕಾಗಿದೆ.

ಐತಪ್ಪಣ್ಣ ಬ್ಯಾನರು ಬರೆಯುವ ಮೊದಲು ಸಿನಿಮಾ ನೋಡುತ್ತಿರಲಿಲ್ಲ. ಯಾವ ಪೇಂಟರಿಗೂ ಆ ಭಾಗ್ಯ ಇರಲಿಲ್ಲ. ಸಿನಿಮಾ ಕಳಿಸುವ ಕಂಪೆನಿಯವರು ಒಂದು ಲಕೋಟೆಯಲ್ಲಿ ಆರು ಫೋಟೋ ಇಟ್ಟು ಬಸ್ಸಿನಲ್ಲಿ ಕಳಿಸುತ್ತಿದ್ದರು. ಆ ಆರು ಫೋಟೋ ನೋಡಿ ಕಥೆ ಊಹಿಸಬೇಕು, ಯಾರು ದೊಡ್ಡವರು ಯಾರು ಸಣ್ಣವರು ಎಂದು ತೀರ್ಮಾನಿಸಬೇಕು. ಅವರ ಲೆಕ್ಕವೆಲ್ಲ ಗೇಣಿನಲ್ಲಿ. ಹೀರೋನ ಮುಖ ಹದಿನಾಲ್ಕು ಗೇಣು, ಹೀರೋಯಿನ್ನಿನದು ಹನ್ನೊಂದು, ಕೇಡಿಗೆ ಏಳು. ಕೋರಾ ಬಟ್ಟೆಗೆ ಅಂಟು ಬಳಿದು, ಇದ್ದಲು ಹಚ್ಚಿದ ನೂಲಿನಲ್ಲಿ ಚೌಕ ಹೊಡೆದು, ಮುಖ ಒಂದು ತುಂಡಿನಲ್ಲಿ, ಎದೆ ಇನ್ನೊಂದರಲ್ಲಿ, ಕೋವಿ ಮತ್ತೊಂದರಲ್ಲಿ ಬರೆಯುತ್ತಿದ್ದರು. ಗೋಡೌನು ಅಷ್ಟೇ ಇದ್ದದ್ದು. ಮೇಲೇರಿಸಿ ಜೋಡಿಸುವವರೆಗೆ ಇಡೀ ಮನುಷ್ಯ ಹೇಗಿದ್ದಾನೆಂದು ಬರೆದವರಿಗೂ ಗೊತ್ತಿರುತ್ತಿರಲಿಲ್ಲ. ಕಣ್ಣು ಮಾತ್ರ ಕಟ್ಟಕಡೆಗೆ, ಮೇಲೇರಿಸುವ ದಿನ ಬೆಳಿಗ್ಗೆ. “ಮೊದಲೇ ಕಣ್ಣು ಬರೆದರೆ ಅದು ನನ್ನನ್ನೇ ನೋಡ್ತಾ ಕೂತುಕೊಳ್ತದೆ. ಕೆಲಸ ಆಗುವುದಿಲ್ಲ.”

ಬಿಳಿಯರ ಮೈಬಣ್ಣಕ್ಕೆ ಒಂದು ದೊಡ್ಡ ಡಬ್ಬ ಇತ್ತು. ಸಫೇತದ ಬಿಳಿ, ಸ್ವಲ್ಪ ಹಳದಿ, ಚಿಟಿಕೆ ಕುಂಕುಮ ಕೆಂಪು, ಅಗಸೆ ಎಣ್ಣೆ. ವಾರಕ್ಕೊಂದು ಸಲ ಹೊಸದಾಗಿ ಕಲಸಬೇಕು. ಕಪ್ಪು ಜನರಿಗೆ ಬೇರೆ ಡಬ್ಬವೇ ಇಲ್ಲ. ಎಲ್ಲ ಡಬ್ಬಗಳ ತಳ ಕೆರೆದು ಒಟ್ಟು ಮಾಡಿದಾಗ ಸಿಗುವ ಕೆಸರಿನಂಥ ಬಣ್ಣವನ್ನೇ ಅವರಿಗೆ ಬಳಿಯುವುದು. ಇದು ಐತಪ್ಪಣ್ಣ ಕಂಡುಹಿಡಿದ ಕ್ರಮವಲ್ಲ. ಅವರ ಗುರುಗಳು ಕಲಿಸಿದ್ದು, ಆ ಗುರುಗಳಿಗೆ ಅವರ ಗುರುಗಳು ಕಲಿಸಿದ್ದು.

ನಮ್ಮ ಟಾಕೀಸಿನಲ್ಲಿ ಆದಿತ್ಯವಾರ ಬೆಳಿಗ್ಗೆ ಇಂಗ್ಲಿಷ್ ಸಿನಿಮಾ. ಹೊಸದು ನಮ್ಮಲ್ಲಿಗೆ ಎಲ್ಲಿ ಬರಬೇಕು? ಹತ್ತಿಪ್ಪತ್ತು ವರ್ಷ ಊರೂರು ಸುತ್ತಿ ಮೈಯೆಲ್ಲ ಗೀರು ಬಿದ್ದ ಪ್ರಿಂಟುಗಳು. ಅವುಗಳಲ್ಲಿ ಒಂದು ಜಾತಿಗೆ ನಾವು ಇಟ್ಟ ಹೆಸರು ಪ್ರಳಯದ ಪಿಚ್ಚರು. ಬಾಂಬು ಬಿದ್ದೋ, ರೋಗ ಬಂದೋ, ಆಕಾಶದಿಂದ ಏನೋ ಇಳಿದೋ ಲೋಕ ಮುಗಿದಿರುತ್ತದೆ. ಖಾಲಿ ಬೀದಿ, ಮಗುಚಿದ ಕಾರು. ಉಳಿದವನೊಬ್ಬ ಚಿನ್ನದ ಕೂದಲಿನವನು, ಕೈಯಲ್ಲಿ ಕೋವಿ. ಅವನಿಗೊಬ್ಬಳು ಹುಡುಗಿ ಸಿಗುತ್ತಾಳೆ. ಲೋಕವೆಲ್ಲ ಸುಟ್ಟು ಬೂದಿಯಾಗಿ ವರ್ಷ ಕಳೆದರೂ ಅವಳ ತಲೆ ಬಾಚಿರುತ್ತದೆ. ಜೊತೆಗೊಬ್ಬ ಕಪ್ಪು ಮನುಷ್ಯ ಇದ್ದರೆ ಅವನು ಬಹಳ ಒಳ್ಳೆಯವನು, ಹಾಡುತ್ತಾನೆ, ನಗುತ್ತಾನೆ, ಮತ್ತು ಇಂಟರ್ವಲ್ಲಿನ ಒಳಗೆ ಸಾಯುತ್ತಾನೆ.

ಎಷ್ಟು ನಿಮಿಷಕ್ಕೆ ಸಾಯುತ್ತಾನೆ ಎಂಬುದರ ಮೇಲೆ ನನಗೂ ಗೇಟಿನಲ್ಲಿ ನಿಲ್ಲುವ ಲಿಗೋರಿಗೂ ಬಾಜಿ. ಸೋತವರು ಒಂದು ಪೊಟ್ಟಣ ನೆಲಗಡಲೆ ಕೊಡಬೇಕು. ಲಿಗೋರಿ ಒಳಗೆ ಗಡಿಯಾರ ನೋಡಿಕೊಂಡು ನಿಂತಿದ್ದು, ಓಡಿ ಬಂದು ಕಿಂಡಿಯಲ್ಲಿ ಬಾಯಿಟ್ಟು “ಹೋದ!” ಎನ್ನುವನು. ನಾವಿಬ್ಬರೂ ನಗುವೆವು. ಐತಪ್ಪಣ್ಣನನ್ನು ಬಾಜಿಗೆ ಕರೆದರೆ ಬರುತ್ತಿರಲಿಲ್ಲ.

“ಬಾಂಬು ಬಿದ್ದದ್ದು ಜಪಾನಿನಲ್ಲಿ. ಹೌದಾ ಅಲ್ವಾ?” ಎಂದು ಒಮ್ಮೆ ಕುಂಚ ಎತ್ತಿ ಹಿಡಿದು ನನ್ನನ್ನೇ ಕೇಳಿದರು. “ಮತ್ತೆ ಪಿಚ್ಚರಿನಲ್ಲಿ ಬಾಂಬಿಗೆ ಅಳುವವ ಇವ ಯಾಕೆ? ಜಪಾನಿನವ ಒಬ್ಬನಾದರೂ ಉಂಟಾ ನೋಡು ಈ ಆರು ಫೋಟೋದಲ್ಲಿ?”

“ಇಲ್ಲ ಐತಪ್ಪಣ್ಣ.”

“ಹೆಂಗಸು ಒಬ್ಬಳೇ. ಮುದುಕಿ ಇಲ್ಲ. ಮೀನು ಹಿಡಿಯುವವ ಇಲ್ಲ. ಪ್ರಳಯ ಆದ ಮೇಲೆ ಉಣ್ಣಲಿಕ್ಕೆ ಎಂತ ಮಾಡ್ತಾರೆ ಇವರು? ಆ ಕೋವಿಯಲ್ಲಿ ಬಂಗುಡೆ ಹಿಡೀಲಿಕ್ಕೆ ಆಗ್ತದಾ? ಸಮುದ್ರ ಉಕ್ಕಿದರೆ ಬೆಂಗ್ರೆಯ ಯಾವ ಮುದುಕಿಯೂ ಇವನಿಗಿಂತ ಎರಡು ದಿನ ಹೆಚ್ಚು ಬದುಕಿಯಾಳು.”

“ನಮ್ಮವರು ಎಲ್ಲಿಗೆ ಹೋಗಿರಬಹುದು?”

“ನಮ್ಮವರಿಗೆ ಪ್ರಳಯ ಆದದ್ದು ಗೊತ್ತೇ ಆಗಿರಲಿಕ್ಕಿಲ್ಲ. ಎಂದಿನ ಹಾಗೆಯೇ ಉಂಟು ಅಂತ ಬಲೆ ಒಣಗಿಸ್ತಾ ಇರಬಹುದು.”

ಒಂದು ಸಲ ಆರು ಫೋಟೋಗಳಲ್ಲಿ ನಾಲ್ಕರಲ್ಲಿ ಕಪ್ಪು ಮನುಷ್ಯನೇ ಮುಂದೆ ನಿಂತಿದ್ದ. ಐತಪ್ಪಣ್ಣ ಅವನೇ ಹೀರೋ ಎಂದು ಎಣಿಸಿ ಹದಿನಾಲ್ಕು ಗೇಣು ಬರೆದರು. ಚಿನ್ನದ ಕೂದಲಿನವನು ಮೂಲೆಯಲ್ಲಿ ಆರು ಗೇಣು. ಸಿನಿಮಾದಲ್ಲಿ ಆ ಮನುಷ್ಯ ಹನ್ನೊಂದನೆಯ ನಿಮಿಷಕ್ಕೆ ಸತ್ತ. ಲಿಗೋರಿಗೆ ಗಡಿಯಾರ ನೋಡಲೂ ಸಮಯವಾಗಲಿಲ್ಲ. ಕಾಲೇಜು ಹುಡುಗರು ಹೊರಗೆ ಬಂದು ಬ್ಯಾನರಿಗೆ ಕೈ ತೋರಿಸಿ ಉರುಳಾಡಿ ನಕ್ಕರು. ಮರುದಿನ ಧಣಿಗಳು ಗೋಡೌನಿಗೇ ಬಂದರು. ಟಾಕೀಸು ಅವರದು, ಎರಡು ಹೋಟೆಲೂ ಅವರದು, ಗುರುಪುರದ ಹೊಳೆಯಾಚೆ ಅಪ್ಪನ ಕಾಲದ ಗದ್ದೆಗಳೂ ಅವರದು. ಕೆಟ್ಟವರೆಂದು ನಾನು ಹೇಳಲಾರೆ. ನನ್ನ ಮದುವೆಗೆ ಸೀರೆ ಕೊಟ್ಟವರು, ನಗುನಗುತ್ತಲೇ ಮಾತಾಡುವವರು.

“ಐತಪ್ಪ, ಕರಿಯನನ್ನು ನನ್ನ ತಲೆ ಮೇಲೆ ಕೂರಿಸಿದೆಯಲ್ಲ. ಬಾಲ್ಕನಿಗೆ ಯಾರು ಬರ್ತಾರೆ ಮಾರಾಯ?”

“ಫೋಟೋದಲ್ಲಿ ಅವನೇ ಮುಂದೆ ಇದ್ದ ಧಣಿ.”

“ಮುಂದೆ ಇರುವುದು ಸಾಯ್ಲಿಕ್ಕೆ.”

ಹೀಗೆಂದು ನಕ್ಕ ಧಣಿಗಳ ಬಣ್ಣ ಹುಣಿಸೆಹಣ್ಣು ಹಳತಾದಾಗಿನ ಬಣ್ಣ. ಅದು ಅವರಿಗೆ ಹೊಳೆಯಲೂ ಇಲ್ಲ. ನಮಗೆ ಹೊಳೆಯಿತು, ಆದರೆ ನಾವೂ ನಕ್ಕೆವು.

ಐತಪ್ಪಣ್ಣನಿಗೆ ಒಬ್ಬಳೇ ಮಗಳು, ಗಿರಿಜ. ತಾಯಿ ಹೋದ ಮೇಲೆ ಮನೆ ನಡೆಸಿದವಳು ಅವಳು. ಬೆಳಿಗ್ಗೆ ಬಲೆ ಹೊಲಿಯುವಳು, ಹಗಲಿಗೆ ಬೀಡಿ ಕಟ್ಟುವಳು, ಅಪ್ಪನ ಬುತ್ತಿಗೆ ಮೀನು ಹುರಿಯುವಳು. ಅಪ್ಪನ ಬಣ್ಣವೇ ಅವಳಿಗೂ. ಇಪ್ಪತ್ತನಾಲ್ಕು ದಾಟಿತ್ತು. ಹೆಣ್ಣು ನೋಡಲು ಬಂದವರು ಬನ್ಸು ತಿಂದು, ಚಾ ಕುಡಿದು, ಹೇಳಿ ಕಳಿಸುತ್ತೇವೆಂದು ದೋಣಿ ಹತ್ತುತ್ತಿದ್ದರು. ಐದು ಮನೆಯವರು ಹೀಗೆ ದೋಣಿ ಹತ್ತಿದ ಮೇಲೆ ಐತಪ್ಪಣ್ಣ ಒಂದು ಕೆಲಸ ಮಾಡಿದರು. ಪೇಂಟರಾದ ಅಪ್ಪ ಮಾತ್ರ ಮಾಡಬಹುದಾದ ಕೆಲಸ. ಆಗ ಕಪ್ಪುಬಿಳುಪು ಫೋಟೋಕ್ಕೆ ಕೈಯಲ್ಲಿ ಬಣ್ಣ ಹಾಕುವ ಕ್ರಮ ಇತ್ತು. ಸ್ಟುಡಿಯೋದಲ್ಲಿ ತೆಗೆಸಿದ ಮಗಳ ಫೋಟೋಕ್ಕೆ ಅವರು ತಾವೇ ಕೂತು, ಒಂದೇ ಕೂದಲಿನ ಕುಂಚದಲ್ಲಿ, ಕೆನ್ನೆಗೆ ಗೋದಿಯ ಬಣ್ಣ ಕೊಟ್ಟರು. ಅಂದವಾಗಿಯೇ ಕೊಟ್ಟರು. ಆ ಫೋಟೋ ಕೂಳೂರಿನ ಒಂದು ಮನೆಗೆ ಹೋಯಿತು. ಹುಡುಗನಿಗೆ ದುಬೈಯಲ್ಲಿ ಕೆಲಸ. ಫೋಟೋ ಒಪ್ಪಿಗೆಯಾಗಿ ಹತ್ತು ಜನ ದೋಣಿ ದಾಟಿ ಬಂದರು.

ಮುಂದಿನದನ್ನು ಐತಪ್ಪಣ್ಣನೇ ನನಗೆ ಹೇಳಿದ್ದು, ಚಾ ಲೋಟ ಕೈಯಲ್ಲೇ ಇಟ್ಟುಕೊಂಡು. ಹುಡುಗನ ಅತ್ತೆ ಕೈಚೀಲದಿಂದ ಫೋಟೋ ತೆಗೆದು, ಗಿರಿಜಳ ಮುಖದ ಪಕ್ಕಕ್ಕೆ ಹಿಡಿದು, ಹತ್ತು ಜನರಿಗೂ ಒಮ್ಮೆ ತೋರಿಸಿ, “ಇದರಲ್ಲಿ ಇರುವ ಹುಡುಗಿ ಒಳಗೆ ಇದ್ದಾಳಾ? ಕರೀರಿ, ನೋಡುವ” ಅಂದಳಂತೆ. ಹತ್ತು ಜನ ನಕ್ಕರಂತೆ. ಚಾ ಕುಡಿಯದೆ ಎದ್ದು ಹೋದರಂತೆ.

ಅವರು ಹೋದ ಮೇಲೆ ಗಿರಿಜ ಅಳಲಿಲ್ಲ. ಲೋಟಗಳಲ್ಲಿ ಇದ್ದ ಚಾವನ್ನು ಅಂಗಳಕ್ಕೆ ಚೆಲ್ಲಿ ಬಂದು ಅಪ್ಪನ ಎದುರು ನಿಂತಳು.

“ಅಷ್ಟು ಡಬ್ಬ ಉಂಟಲ್ಲ ಅಪ್ಪ ನಿಮ್ಮ ಹತ್ರ. ನನ್ನ ಬಣ್ಣ ಒಂದರಲ್ಲೂ ಇಲ್ವಾ?”

ಇಷ್ಟೇ ಅವಳು ಕೇಳಿದ್ದು. ಐತಪ್ಪಣ್ಣ ಅವಳಿಗೆ ಒಂದು ಮಾತು ಕೊಟ್ಟರು. ಒಂದೇ ಒಂದು ಸಲ, ಇಡೀ ಮಂಗಳೂರು ತಲೆಯೆತ್ತಿ ನೋಡುವ ಹಾಗೆ, ಅವಳ ಬಣ್ಣದಲ್ಲೇ ಅವಳನ್ನು ಬರೆಯುತ್ತೇನೆ; ಅವಳು ಬಂದು ನೋಡಬೇಕು.

ಸಂದರ್ಭ ಒದಗಿದ್ದು ಮುಂದಿನ ಬೇಸಿಗೆಯಲ್ಲಿ. ಇನ್ನೊಂದು ಪ್ರಳಯದ ಪಿಚ್ಚರು ಬಂತು. ಲಕೋಟೆಯ ಐದನೆಯ ಫೋಟೋದಲ್ಲಿ ಕಡಲ ಕರೆಯಲ್ಲಿ ಉಳಿದ ನಾಲ್ಕು ಜನ ನಿಂತಿದ್ದರು. ಅಂಚಿನಲ್ಲಿ ಒಬ್ಬಳು ಕಪ್ಪು ಹೆಂಗಸು. ಫೋಟೋ ಕತ್ತರಿಸಿದವನು ಅವಳ ಮುಖದ ಮಧ್ಯಕ್ಕೇ ಕತ್ತರಿ ಹಾಕಿದ್ದ. ಒಂದು ಕಣ್ಣು, ಅರ್ಧ ಮೂಗು ಉಳಿದಿತ್ತು. ಐತಪ್ಪಣ್ಣ ಆ ಅಂಚನ್ನು ಉಗುರಿನಲ್ಲಿ ಮುಟ್ಟಿ ನೋಡಿದರು.

“ಅರ್ಧ ಅವರು ಕೊಟ್ಟಿದ್ದಾರೆ. ಇನ್ನರ್ಧ ನಾನು ಕೊಡ್ತೇನೆ. ಸುಮತಿ, ಯಾರ ಹತ್ರವೂ ಹೇಳ್ಬೇಡ. ಗಿರಿಜ ಆದಿತ್ಯವಾರ ಬರ್ತಾಳೆ. ಅವಳು ನೋಡಿ ಆದ ಮೇಲೆ ಯಾರಿಗೆ ಗೊತ್ತಾದರೂ ಚಿಂತೆ ಇಲ್ಲ.”

ಹೇಳುವುದಿಲ್ಲ ಎಂದು ನಾನು ಆಣೆ ಹಾಕಿದೆ.

ಆ ವಾರ ಅವರು ತಳ ಕೆರೆಯಲಿಲ್ಲ. ಹೊಸ ಡಬ್ಬ ಒಡೆದರು. ಕಾವಿ, ಕೆಂಪು, ಸ್ವಲ್ಪ ನೀಲಿ, ಒಂದು ಹನಿ ಹಳದಿ. ಕಲಸಿ ಕಲಸಿ ಎಡಗೈಗೆ ಹಚ್ಚುವರು, ತಲೆ ಅಲ್ಲಾಡಿಸುವರು, ಪುನಃ ಕಲಸುವರು. ಬುಧವಾರ ನಾನು ಚಾ ತೆಗೆದುಕೊಂಡು ಹೋದಾಗ ಕೈ ಮುಂದೆ ಚಾಚಿದರು. “ಎಲ್ಲಿ ಹಚ್ಚಿದ್ದೇನೆ ಹೇಳು?” ನಾನು ಕೈ ಹಿಡಿದು ತಿರುಗಿಸಿ ನೋಡಿದೆ. ಎಲ್ಲಿಯೂ ಕಾಣಲಿಲ್ಲ. ಬೆರಳಿನಲ್ಲಿ ಮುಟ್ಟಿದಾಗ ಮೊಣಕೈಯ ಕೆಳಗೆ ಅಂಟಂಟಾಯಿತು. ಐತಪ್ಪಣ್ಣ ಎಂಥ ನಗೆ ನಕ್ಕರೆಂದರೆ, ಮುರಿದ ಕುರ್ಚಿಗಳ ಸಂದಿನಿಂದ ಎರಡು ಪಾರಿವಾಳ ಹಾರಿಹೋದವು. ಆಚೆ ಗೋಡೆಗೆ ಮುಖದ ತುಂಡು ಒರಗಿಸಿಟ್ಟಿದ್ದರು. ಕಣ್ಣು ಇನ್ನೂ ಬರೆದಿರಲಿಲ್ಲ. ಕಣ್ಣಿಲ್ಲದ ಮುಖ ನೋಡಲು ನನಗೆ ಒಂಥರಾ ಆಗುತ್ತಿತ್ತು. ನಾನು ಅವರ ಕೈಯನ್ನೇ ನೋಡುತ್ತಾ ಚಾ ಮುಗಿಸಿದೆ.

ಗುರುವಾರ ಬ್ಯಾನರು ಏರಿತು. ಹದಿನಾಲ್ಕು ಗೇಣು. ನಾನು ಕೆಲಸಕ್ಕೆ ಬರುವಾಗ ರಸ್ತೆಯಿಂದ ಒಮ್ಮೆ ತಲೆಯೆತ್ತಿ “ಅಯ್ಯೋ ದೇವರೇ, ಎಷ್ಟು ದೊಡ್ಡದು” ಎಂದುಕೊಂಡು ಒಳಗೆ ಹೋದೆ. ದಿನದ ಪಿಚ್ಚರಿಗೆ ಬೆಳಿಗ್ಗೆಯಿಂದಲೇ ಕ್ಯೂ ಇತ್ತು.

ಶುಕ್ರವಾರ ಮಧ್ಯಾಹ್ನ ಧಣಿಗಳ ಕಾರು ನಿಂತಿತು. ಅವರು ಇಳಿದು, ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿ, ನನ್ನ ಕಿಂಡಿಯ ಹತ್ತಿರ ಬಂದರು. ಸಿಟ್ಟಿನ ಮುಖವಲ್ಲ. ಎಲೆ ಅಡಿಕೆ ಬಾಯಲ್ಲಿತ್ತು, ಹದವಾಗಿದ್ದರು.

“ಈ ಸಲ ಪುನಃ ಕಪ್ಪು ಹಾಕಿದ್ದಾನಲ್ಲ ಇವ. ಯಾರಿದು, ದೊಡ್ಡ ಸ್ಟಾರಾ? ಇರಲಿ ಮಾರಾಯ್ತಿ, ಕಣ್ಣು ಲಾಯ್ಕುಂಟು.”

ಹೌದು ಧಣಿ, ದೊಡ್ಡ ಸ್ಟಾರು ಎಂದು ನಾನು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಕಾರು ಹತ್ತುತ್ತಿದ್ದರು. ಆದರೆ ಕಣ್ಣು ಲಾಯ್ಕುಂಟು ಎಂಬ ಮಾತಿಗೆ ನನ್ನ ಎದೆಯುಬ್ಬಿತು. ಧಣಿಗಳೇ ಮೆಚ್ಚಿದರಲ್ಲ, ಇನ್ನು ಹೆದರಿಕೆ ಎಂತದು ಎಂದು ಕಂಡಿತು.

“ಸ್ಟಾರೂ ಇಲ್ಲ ಎಂತದೂ ಇಲ್ಲ ಧಣಿ! ಅದು ನಮ್ಮ ಐತಪ್ಪಣ್ಣನ ಗಿರಿಜ!”

ಧಣಿಗಳು ಮೊದಲು ನಕ್ಕರು. ಬಾಯಲ್ಲಿದ್ದುದನ್ನು ಚರಂಡಿಗೆ ಉಗಿದು ಬಂದು ಪುನಃ ನಕ್ಕರು. ಆಮೇಲೆ ತಲೆಯೆತ್ತಿ ಇನ್ನೊಮ್ಮೆ ನೋಡಿದರು. ಈ ಸಲ ನಗಲಿಲ್ಲ.

“ಬೆಂಗ್ರೆಯ ಬೀಡಿ ಕಟ್ಟುವ ಹುಡುಗಿಯಾ ನನ್ನ ಟಾಕೀಸಿನ ಮೇಲೆ? ಅಮೆರಿಕದ ಕರಿಯಳಾದರೆ ಜನ ಟಿಕೆಟ್ ತೆಗೊಂಡು ನೋಡ್ತಾರೆ. ನಮ್ಮ ಕರಿಯಳನ್ನು ನೋಡ್ಲಿಕ್ಕೆ ಟಿಕೆಟ್ ಯಾಕೆ ಸುಮತಿ? ಮೀನಿನ ಧಕ್ಕೆಗೆ ಹೋದರೆ ಬುಟ್ಟಿ ಹಿಡ್ಕೊಂಡು ನೂರು ಜನ ಕೂತಿದ್ದಾರೆ.”

ಐತಪ್ಪಣ್ಣನನ್ನು ಕರೆಸಿದರು. ನಾನು ಕಿಂಡಿಯಿಂದ ಕೇಳುತ್ತಿದ್ದೆ.

“ಬಿಚ್ಚುವುದು ಬೇಡ. ಮುಖಕ್ಕೆ ಬಿಳಿ ಹೊಡಿ. ಆದಿತ್ಯವಾರದ ಶೋ ಶುರುವಾಗುವ ಮೊದಲು ಆಗ್ಬೇಕು.”

“ಸೋಮವಾರ ಹೊಡಿತೇನೆ ಧಣಿ. ಒಂದು ಆದಿತ್ಯವಾರ ಬಿಡಿ.”

“ಯಾಕೆ?”

ಮಗಳು ಬರುತ್ತಾಳೆಂದರೆ ಧಣಿಗಳು ಮತ್ತಷ್ಟು ನಗುತ್ತಿದ್ದರು. “ಅಡಿಯ ಬಣ್ಣ ಒಣಗ್ಬೇಕು” ಎಂದರು ಐತಪ್ಪಣ್ಣ. ಧಣಿಗಳು ಹೂಂ ಎನ್ನದೆ ಹೋದರು. ಶನಿವಾರ ಐತಪ್ಪಣ್ಣ ಕೆಲಸಕ್ಕೇ ಬರಲಿಲ್ಲ. ತಾನು ಕಣ್ಣಿಗೆ ಬೀಳದಿದ್ದರೆ ಆದಿತ್ಯವಾರ ಹೇಗಾದರೂ ದಾಟೀತು ಎಂದು ಎಣಿಸಿದರೋ ಏನೋ.

ಆದಿತ್ಯವಾರ ಬೆಳಿಗ್ಗೆ, ಎಲ್ಲರಿಗಿಂತ ಮೊದಲು ಬಂದು ಮಗಳಿಗಾಗಿ ಕಾಯುವ ಎಂದು ಅವರು ಟಾಕೀಸಿಗೆ ಬಂದರೆ, ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಧಣಿಗಳು ಕೂತಿದ್ದರು. ಬಿದಿರಿನ ಏಣಿ ಒರಗಿಸಿ ಆಗಿತ್ತು. ಏಣಿಯ ಬುಡದಲ್ಲಿ ಬಿಳಿಯರ ಬಣ್ಣದ ದೊಡ್ಡ ಡಬ್ಬ. ಪಕ್ಕದಲ್ಲಿ ಲಿಗೋರಿ, ಕೈಯಲ್ಲಿ ಕಸ ಗುಡಿಸುವ ಹಿಡಿಸೂಡಿ.

“ನೀನು ಹೊಡಿಯದಿದ್ದರೆ ಇವ ಹೊಡಿತಾನೆ,” ಎಂದರು ಧಣಿಗಳು. “ಹಿಡಿಸೂಡಿಯಲ್ಲಿ.”

ಲಿಗೋರಿ ನೆಲ ನೋಡುತ್ತಿದ್ದ. ಐತಪ್ಪಣ್ಣ ಅವನ ಕೈಯಿಂದ ಹಿಡಿಸೂಡಿ ತೆಗೆದು ಗೋಡೆಗೆ ಒರಗಿಸಿದರು.

“ಅದು ಬೇಡ. ನಾನೇ ಹೊಡಿತೇನೆ.”

ಅವರು ಗಲ್ಲದಿಂದ ಶುರುಮಾಡಿದರಂತೆ. ನಾನು ನೋಡಲಿಲ್ಲ. ನನ್ನ ಕಿಂಡಿಯಿಂದ ಮೇಲಿನದು ಕಾಣುವುದಿಲ್ಲ ಎಂದು ಆಗಲೇ ಹೇಳಿದೆ. ಏಣಿಯ ಕಾಲು ಮಾತ್ರ ಕಾಣುತ್ತಿತ್ತು, ಆಗಾಗ ಒಂದೊಂದು ಗುಲಾಬಿ ಹನಿ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಒಂಬತ್ತೂವರೆಯ ಹೊತ್ತಿಗೆ ರಸ್ತೆಯಾಚೆ ಬಟ್ಟೆ ಅಂಗಡಿಯ ನೆರಳಿನಲ್ಲಿ ಬೆಂಗ್ರೆಯ ಮೂವರು ಹೆಂಗಸರ ಜೊತೆ ಗಿರಿಜ ಬಂದು ನಿಂತಳು. ನೀಲಿ ಸೀರೆ, ತಲೆಯಲ್ಲಿ ಅಬ್ಬಲಿಗೆ. ತಲೆಯೆತ್ತಿದಳು.

ಜೊತೆಯ ಹೆಂಗಸರಿಗೆ ಮೊದಲು ಅರ್ಥವಾಗಲಿಲ್ಲ. “ಎಲ್ಲಿ? ಇವಳು ಬಿಳಿಯಲ್ಲ ಮಾರಾಯ್ತಿ?” ಎನ್ನುತ್ತಾ ಬೇರೆ ಬ್ಯಾನರು ಹುಡುಕಿದರು. ಕ್ಯೂವಿನಲ್ಲಿದ್ದ ಕಾಲೇಜು ಹುಡುಗನೊಬ್ಬ ಗೆಳೆಯನಿಗೆ, “ಈಗ ಲಾಯ್ಕ ಆಯ್ತು ನೋಡು, ಈಗ ಇಂಗ್ಲಿಷ್ ಪಿಚ್ಚರಿನ ಹಾಗೆ ಕಾಣ್ತದೆ” ಎಂದ. ಧಣಿಗಳಿಗೂ ಹಾಗೆಯೇ ಕಂಡಿರಬೇಕು. ಕುರ್ಚಿಯಿಂದ ಎದ್ದು ಹೋಟೆಲಿಗೆ ಹೊರಟರು. ಐತಪ್ಪಣ್ಣ ಗೋಡೆಗೆ ಮುಖ ಮಾಡಿಕೊಂಡಿದ್ದರು, ಯಾರು ಬಂದರೆಂದು ಅವರಿಗೆ ತಿಳಿಯದು. ನಾನು ಕೂಗಿ ಹೇಳಬಹುದಿತ್ತು. ಆ ಹೊತ್ತು ಮಾತ್ರ ನಾನು ಬಾಯಿ ಬಿಡಲಿಲ್ಲ.

ಗಿರಿಜ ರಸ್ತೆ ದಾಟಿ ಏಣಿಯ ಬುಡಕ್ಕೆ ಬಂದಳು. ಬಣ್ಣ ತುಂಬಿಸಿಕೊಳ್ಳಲು ಐತಪ್ಪಣ್ಣ ಇಳಿದವರು ತಿರುಗಿದರು. ಎಡಗೈ ಬೆರಳಿನಿಂದ ಭುಜದವರೆಗೆ ಗುಲಾಬಿಯಾಗಿತ್ತು. ಗಿರಿಜ ಇನ್ನೊಮ್ಮೆ ಮೇಲೆ ನೋಡಿದಳು.

“ಎಡದ ಕಿವಿ ಬಾಕಿ ಉಂಟು ಅಪ್ಪ,” ಎಂದಳು ಗಿರಿಜ.

ಐತಪ್ಪಣ್ಣ ಡಬ್ಬ ತುಂಬಿಸಿ ಮೇಲೆ ಹತ್ತಿದರು. ಎಡದ ಕಿವಿ ಮುಗಿಸಿದರು.

ಗಿರಿಜ ನನ್ನ ಕಿಂಡಿಗೆ ಬಂದು “ನಾಲ್ಕು ಕೊಡಿ ಸುಮತಿ ಅಕ್ಕ” ಎಂದಳು. ಕೊಟ್ಟೆ. ನಾಲ್ವರೂ ಒಳಗೆ ಹೋಗಿ ಕೂತು ಇಡೀ ಸಿನಿಮಾ ನೋಡಿದರು. ಫೋಟೋದ ಅಂಚಿನಲ್ಲಿದ್ದ ಆ ಹೆಂಗಸು ಚಿನ್ನದ ಕೂದಲಿನವಳನ್ನು ಕಾಪಾಡಲು ಹೋಗಿ ಬಂಡೆಯಿಂದ ಬಿದ್ದಳಂತೆ. ಲಿಗೋರಿ ಬಂದು ಕಿಂಡಿಯಲ್ಲಿ ಕಡಲೆ ಪೊಟ್ಟಣ ಇಟ್ಟ. “ಹತ್ತೊಂಬತ್ತು ನಿಮಿಷ,” ಎಂದ, ನನ್ನ ಮುಖ ನೋಡದೆ. “ನೀನು ಗೆದ್ದಿ.” ವಾರದ ಮೊದಲೇ ಕಟ್ಟಿದ ಬಾಜಿ ಅದು. ಪೊಟ್ಟಣ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ನಾನು ತಿಂದೆ.

ಐತಪ್ಪಣ್ಣ ಅದಾದ ಮೇಲೂ ನಾಲ್ಕೈದು ವರ್ಷ ನಮ್ಮಲ್ಲಿ ಬ್ಯಾನರು ಬರೆದರು. ಬಣ್ಣವನ್ನು ಮಾತ್ರ ರಟ್ಟಿನ ಚೂರಿಗೆ ಹಚ್ಚಿ ನೋಡುತ್ತಿದ್ದರು. ಪ್ರಳಯದ ಪಿಚ್ಚರು ಬಂದಾಗ ಧಣಿಗಳು ಹೇಳುವ ಮೊದಲೇ ಚಿನ್ನದ ಕೂದಲು ಹದಿನಾಲ್ಕು ಗೇಣು ಬರೆಯುತ್ತಿದ್ದರು. ನನ್ನ ಚಾ ಕುಡಿಯುತ್ತಿದ್ದರು, ತಮಾಷೆ ಮಾಡುತ್ತಿದ್ದರು. ಧಣಿಗಳಿಗೆ ಹೇಗೆ ಗೊತ್ತಾಯಿತೆಂದು ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮುಂದೆ ಬೊಂಬಾಯಿಯಿಂದ ಅಚ್ಚಾದ ದೊಡ್ಡ ಪೋಸ್ಟರುಗಳು ಬರತೊಡಗಿದವು. ಐತಪ್ಪಣ್ಣ ಕುಂಚಗಳನ್ನು ಚೀಲಕ್ಕೆ ತುಂಬಿಸಿ ಬೆಂಗ್ರೆಗೆ ಹೋದರು, ಮೀನಿನ ಬೋಟುಗಳಿಗೆ ಹೆಸರು, ನಂಬ್ರ ಬರೆಯಲು. ಗಿರಿಜಳ ಮದುವೆ ಆಗಲಿಲ್ಲ. ಹೆಣ್ಣು ನೋಡಲು ಯಾರೂ ಬರುವುದು ಬೇಡ ಎಂದು ಅವಳೇ ಹೇಳಿಬಿಟ್ಟಳಂತೆ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಬೆಂಗ್ರೆಯ ದೋಣಿ ಕಡವಿನಲ್ಲಿ, ಎಂಬತ್ತರ ದಶಕ ಅರ್ಧ ಕಳೆದ ಮೇಲೆ. ಯಾರದೋ ಮನೆಯ ಸೀಮಂತಕ್ಕೆ ಹೋಗಿದ್ದೆ. ಮರಳಿನ ಮೇಲೆ ಎಳೆದಿಟ್ಟ ಬೋಟಿನ ಎದುರು ಕುಕ್ಕರುಗಾಲಿನಲ್ಲಿ ಕೂತು ಅಕ್ಷರ ತುಂಬಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಮುಖವನ್ನು ಹಲಗೆಗೆ ತಾಗಿಸುವಷ್ಟು ಹತ್ತಿರ ಹಿಡಿದಿದ್ದರು. ನಾನು ಪಕ್ಕದಲ್ಲಿ ಕೂತೆ. ಇಷ್ಟು ವರ್ಷ ನುಂಗಿಕೊಂಡದ್ದನ್ನು ಇವತ್ತು ಹೇಳಿಯೇ ಬಿಡುತ್ತೇನೆಂದು ಹೇಳಿದೆ.

“ಐತಪ್ಪಣ್ಣ, ಅವತ್ತು ಧಣಿಗಳಿಗೆ ಹೇಳಿದ್ದು ನಾನು.”

ಅವರು ಹಿಡಿದ ಅಕ್ಷರ ಮುಗಿಸಿದರು.

“ಗೊತ್ತುಂಟು. ಬಿಳಿ ಹೊಡೆದ ಮರುದಿನವೇ ಧಣಿಗಳು ಹೇಳಿದ್ರು, ನಗಾಡಿಕೊಂಡು.”

“ಮತ್ತೆ ಅಷ್ಟು ವರ್ಷ ನನ್ನೊಟ್ಟಿಗೆ ಚಾ ಕುಡಿದಿರಲ್ಲ?”

“ಕುಡಿಯದೆ ಎಂತ ಮಾಡುವುದು?” ಅವರು ನನ್ನ ಕಡೆ ತಿರುಗಿದರು, ನಾನು ಕೂತದ್ದಕ್ಕಿಂತ ಸ್ವಲ್ಪ ಆಚೆಗೆ ನೋಡಿದರು. “ಗಿರಿಜ ನೋಡ್ಲಿಲ್ಲ. ನಾನು ತುಂಡು ತುಂಡು ಬರೆದವ, ಮೇಲೆ ಏರಿಸಿದ ಮೇಲೆ ಎರಡು ದಿನ ತಲೆಯೆತ್ತಿ ನೋಡ್ಲಿಕ್ಕೆ ಎದೆ ಹೊಡ್ಕೊಳ್ತಿತ್ತು. ಅವಳು ಬರಲಿ, ಒಟ್ಟಿಗೆ ನೋಡುವ ಅಂತ ಇದ್ದೆ. ನಮ್ಮವರಲ್ಲಿ ಆ ಮುಖ ಸರಿಯಾಗಿ ನೋಡಿದವಳು ನೀನೊಬ್ಬಳು. ನಿನ್ನನ್ನೂ ಬಿಟ್ಟರೆ ಮತ್ತೆ ಯಾರುಂಟು ಸುಮತಿ?”

ನಾನು ಹೂಂ ಎಂದೆ.

ಮರುವರ್ಷ ಐತಪ್ಪಣ್ಣ ತೀರಿಹೋದರು. ಸುದ್ದಿ ನನಗೆ ತಡವಾಗಿ ತಲಪಿತು. ಹೋಗುವಾಗ ಉತ್ತರಕ್ರಿಯೆ ಎಲ್ಲ ಮುಗಿದಿತ್ತು. ಗಿರಿಜ ಚಾವಡಿಯಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದಳು. ಮಣೆ ಕೊಟ್ಟಳು, ಚಾ ಕೊಟ್ಟಳು. ಅಪ್ಪನ ಕಾಯಿಲೆಯ ವಿಷಯ ಹೇಳಿದಳು. ಆಮೇಲೆ ಕತ್ತರಿ ಕೆಳಗಿಟ್ಟು ಕೇಳಿದಳು.

“ಅಪ್ಪ ಹೇಳ್ತಿದ್ರು, ಆ ಮುಖ ನೀವು ನೋಡಿದ್ದೀರಂತೆ. ಹೇಗಿತ್ತು ಸುಮತಿ ಅಕ್ಕ?”

ಹೇಳಿದೆ. ಹೇಳಲು ನನಗೆ ಬಾರದೆ? ಹಣೆಯ ಅಗಲ ಹೇಳಿದೆ, ಹುಬ್ಬು ಹೇಳಿದೆ, ಬೆಳಗಿನ ಬಿಸಿಲಿಗೆ ಕೆನ್ನೆ ಹೇಗೆ ಹೊಳೆಯುತ್ತಿತ್ತು ಎಂದು ಹೇಳಿದೆ, ರಸ್ತೆಯಲ್ಲಿ ಹೋಗುವ ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರೆಂದೂ ಹೇಳಿದೆ. ಗಿರಿಜ ಮಡಿಲಲ್ಲಿ ಕೈ ಇಟ್ಟುಕೊಂಡು ಕೇಳಿದಳು.

“ಬಲದ ಕೆನ್ನೆಯ ಮಚ್ಚೆ ಹಾಕಿದ್ರಾ ಅಪ್ಪ?”

“ಹಾಕದೆ ಇರ್ತಾರಾ ಮಗಾ? ಅಷ್ಟು ದೊಡ್ಡದು! ರಸ್ತೆಯಾಚೆಯಿಂದ ಕಾಣ್ತಿತ್ತು.”

ಗಿರಿಜ ಬಾಗಿಲ ಬೆಳಕಿಗೆ ಮುಖ ತಿರುಗಿಸಿದಳು. ಬಲದ ಕೆನ್ನೆ ನನ್ನ ಕಣ್ಣೆದುರೇ ಇತ್ತು, ಒಂದು ಮೊಳ ದೂರದಲ್ಲಿ. ಅದರಲ್ಲಿ ಮಚ್ಚೆ ಇರಲಿಲ್ಲ.

ಅವಳು ಕತ್ತರಿ ಎತ್ತಿಕೊಂಡು ಎಲೆ ಕತ್ತರಿಸತೊಡಗಿದಳು.

“ಕೊನೆಯ ದೋಣಿ ಹೋದೀತು, ಸುಮತಿ ಅಕ್ಕ,” ಎಂದಳು.

ಗಂಟೆ ಆಗ ಮೂರೂ ಆಗಿರಲಿಲ್ಲ.